ನಾಗವಲ್ಲಿಯ ಉತ್ತರಭಾಗ: ‘ಆಪ್ತಮಿತ್ರ’, ‘ಆಪ್ತರಕ್ಷಕ’ ಮತ್ತು ಗಡಿಯ ಪ್ರೇಕ್ಷಕರು

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೇನೆ. ನನ್ನ ವಿಷಯ ಮೇಲ್ನೋಟಕ್ಕೆ ಹಗುರ ಅನ್ನಿಸಬಹುದು. ದೆವ್ವದ ಸಿನಿಮಾಗಳ ಎರಡನೇ ಭಾಗ ಮೊದಲನೆಯದಕ್ಕೆ ಸಮನಾಗಿ ನಿಲ್ಲಬಲ್ಲದೆ? ಕಾಲೇಜು ಕ್ಯಾಂಟೀನಿನಲ್ಲಿ ಇದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ: ‘ಇಲ್ಲ, ಎರಡನೇದು ಯಾವಾಗ್ಲೂ ದುಡ್ಡಿಗೆ ಮಾಡಿದ್ದು.’ ಈ ಉತ್ತರ ನನಗೆ ಸಾಕಾಗಲಿಲ್ಲ. ದುಡ್ಡಿಗೆ ಮಾಡಿದ್ದು ಮೊದಲನೆಯದೂ ಹೌದಲ್ಲ.

‘ಸೀಕ್ವೆಲ್’ ಎಂಬುದಕ್ಕೆ ನಾವು ‘ಮುಂದುವರಿದ ಭಾಗ’ ಅಂತೀವಿ. ಕಾವ್ಯಪರಂಪರೆಯಲ್ಲಿ ಇದಕ್ಕೆ ಇನ್ನೂ ಹಳೆಯ ಹೆಸರಿದೆ, ಉತ್ತರಭಾಗ. ಬಾಣನ ‘ಕಾದಂಬರಿ’ ಅರ್ಧಕ್ಕೆ ನಿಂತಾಗ ಅದರ ಉತ್ತರಭಾಗವನ್ನು ಬರೆದು ಮುಗಿಸಿದವನು ಮಗ ಭೂಷಣಭಟ್ಟ. ಅದನ್ನು ನಾಗವರ್ಮ ಕನ್ನಡಕ್ಕೆ ತಂದಾಗ ಅಪ್ಪ ಮಗ ಇಬ್ಬರ ಕೆಲಸವೂ ಒಂದೇ ಕೈಯದಾಯಿತು. ಗಡಿ ದಾಟುವಾಗ ಪೂರ್ವ ಯಾವುದು ಉತ್ತರ ಯಾವುದು ಎಂಬ ಹೊಲಿಗೆ ಮಾಸಿಹೋಗುತ್ತದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಇದು ಮುಂದೆ ಮತ್ತೆ ಬರುತ್ತದೆ. ಇನ್ನೊಂದು ಉದಾಹರಣೆ ಕುಮಾರವ್ಯಾಸನದು. ಅವನು ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ, ಅದೇ ಭಾಮಿನಿ ಷಟ್ಪದಿಯಲ್ಲಿ. ಗಮಕಿಗಳು ಇವತ್ತಿಗೂ ಊರೂರಲ್ಲಿ ಹಾಡೋದು ಕುಮಾರವ್ಯಾಸನನ್ನ. ತಿಮ್ಮಣ್ಣ ನಮ್ಮ ಪರೀಕ್ಷೆಯಲ್ಲಿ ಎರಡು ಅಂಕದ ಟಿಪ್ಪಣಿ. ಅವನು ದಡ್ಡ ಕವಿ ಅಂತ ನಾನು ಹೇಳ್ತಿಲ್ಲ. ಯುದ್ಧವೆಲ್ಲ ಮುಗಿದ ಮೇಲೆ ಅವನ ಕೈಗೆ ಕತೆ ಬಂತು, ಅಷ್ಟೆ.

ಈಗ ಸಿನಿಮಾಕ್ಕೆ ಬರೋಣ. ವಂಶಾವಳಿಯನ್ನು ಬೇಗ ಹೇಳಿಬಿಡ್ತೇನೆ. ಮೂಲ ಮಲಯಾಳದ ‘ಮಣಿಚಿತ್ರತ್ತಾಳ್’, 1993. ನಿರ್ದೇಶನ ಫಾಜಿಲ್, ಕತೆ ಮಧು ಮುಟ್ಟಂ. ಅದರ ಅಭಿನಯಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಪಿ. ವಾಸು ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿ ಮಾಡಿದರು, ದ್ವಾರಕೀಶ್ ನಿರ್ಮಾಣ, ಬಿಡುಗಡೆ 2004ರ ಆಗಸ್ಟ್ 27. ಅದೇ ವಾಸು ಅದನ್ನೇ ರಜನಿಕಾಂತ್ ಜೊತೆ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು, 2005ರ ಏಪ್ರಿಲ್ 14. ಚೆನ್ನೈನ ಶಾಂತಿ ಥಿಯೇಟರಿನಲ್ಲಿ ಅದು 890 ದಿನ ಓಡಿತು. ಹಿಂದಿಯಲ್ಲಿ 2007ರಲ್ಲಿ ಪ್ರಿಯದರ್ಶನ್ ‘ಭೂಲ್ ಭುಲಯ್ಯಾ’ ಮಾಡಿದರು. ಇಲ್ಲಿಗೆ ಮೊದಲ ತಲೆಮಾರು ಮುಗಿಯಿತು. ಎರಡನೇ ತಲೆಮಾರು ಕನ್ನಡದಿಂದ ಶುರುವಾಗುತ್ತದೆ: ‘ಆಪ್ತರಕ್ಷಕ’, 2010ರ ಫೆಬ್ರವರಿ 19. ಅದೇ ವರ್ಷ ಅದು ತೆಲುಗಿನಲ್ಲಿ ‘ನಾಗವಲ್ಲಿ’ಯಾಯಿತು. ಹಿಂದಿಯ ಎರಡು ಮತ್ತು ಮೂರನೇ ಭಾಗಗಳು 2022 ಮತ್ತು 2024ರಲ್ಲಿ ಬಂದವು, ‘ಚಂದ್ರಮುಖಿ 2’ 2023ರಲ್ಲಿ.

ಈ ಮನೆತನದಲ್ಲಿ ಒಂದು ವಿಚಿತ್ರ ಇದೆ. ದೆವ್ವ ಯಾವಾಗಲೂ ಪಕ್ಕದ ಮನೆಯ ಭಾಷೆ ಮಾತಾಡುತ್ತದೆ. ಮಲಯಾಳ ಚಿತ್ರದ ನಾಗವಲ್ಲಿ ತಂಜಾವೂರಿನ ನರ್ತಕಿ, ಅವಳ ಮಾತು ತಮಿಳು. ಕನ್ನಡ ಚಿತ್ರದ ನಾಗವಲ್ಲಿಯದು ತೆಲುಗು. ತಮಿಳಿನಲ್ಲಿ ಚಂದ್ರಮುಖಿಯಾದಾಗಲೂ ತೆಲುಗೇ. ಹಿಂದಿಯ ಮಂಜುಲಿಕಾ ಬಂಗಾಳಿ. ಯಾರ ಮನೆಯ ದೆವ್ವವೂ ಆ ಮನೆಯ ಭಾಷೆ ಆಡುವುದಿಲ್ಲ, ತೀರಾ ದೂರದ, ಒಂದಕ್ಷರವೂ ಅರ್ಥವಾಗದ ಭಾಷೆಯನ್ನೂ ಆಡುವುದಿಲ್ಲ. ಅರ್ಧ ತಿಳಿಯಬೇಕು, ಅರ್ಧ ಉಳಿಯಬೇಕು. ಗಂಗಾ ಗಂಡನೊಡನೆ ಸಾಮಾನ್ಯವಾಗಿ ಮಾತಾಡುತ್ತಾ ಇದ್ದಕ್ಕಿದ್ದಂತೆ ಧ್ವನಿ ಬದಲಾಗಿ, ಬಾಯಿಂದ ಬೇರೆ ಭಾಷೆ ಹೊರಡುತ್ತದಲ್ಲ, ಇಡೀ ಚಿತ್ರದ ಭಯ ನಿಂತಿರೋದು ಆ ಕ್ಷಣದ ಮೇಲೆ.

ಇದು ಹೊರಗಿನ ಸಿನಿಮಾಕ್ಕೂ ಹೊಸದಲ್ಲ. 1973ರ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಹುಡುಗಿಯ ಮೇಲೆ ನಿಜಕ್ಕೂ ಏನಾದರೂ ಬಂದಿದೆಯೇ ಎಂದು ಪಾದ್ರಿ ಪರೀಕ್ಷೆ ಮಾಡೋದು ಭಾಷೆಯಿಂದಲೇ. ಕಲಿಯದ ಭಾಷೆಯನ್ನು ಆಡುವುದು ರೋಮನ್ ಚರ್ಚಿನ ವಿಧಿಯಲ್ಲಿ ಒಂದು ಲಕ್ಷಣ. ಅವನು ಧ್ವನಿಮುದ್ರಿಸಿಕೊಂಡ ಆ ವಿಚಿತ್ರ ಮಾತು ಕೊನೆಗೆ ತಿರುಗುಮುರುಗಾದ ಇಂಗ್ಲಿಷ್ ಎಂದು ಗೊತ್ತಾಗುತ್ತದೆ. ಪಾದ್ರಿಯ ಅನುಮಾನ ಬಗೆಹರಿಯೋದಿಲ್ಲ, ಇನ್ನಷ್ಟು ಬೆಳೆಯುತ್ತದೆ.

ನಾನು ಸೇಲಂನವಳು. ಮನೆಯಲ್ಲಿ ಮಗ್ಗ, ಮನೆಮಾತು ಕನ್ನಡ, ಸುತ್ತ ಎಲ್ಲ ತಮಿಳು. ಸೇಲಂನ ದೇವಾಂಗರ ಬಗ್ಗೆ ಇಲ್ಲಿ ಕೆಲವರಿಗೆ ಗೊತ್ತಿರಬಹುದು. ತಲೆತಲಾಂತರದಿಂದ ಕನ್ನಡ ಆಡ್ತೀವಿ, ಬಹಳ ಮನೆಗಳಲ್ಲಿ ಅದನ್ನು ಓದೋಕೆ ಬರೆಯೋಕೆ ಬರಲ್ಲ. ಉತ್ತರಕ್ಕೆ ಹೋದರೆ ಧರ್ಮಪುರಿ. ಅಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿವೆ. ಮೊದಲು ಅದೆಲ್ಲ ಒಂದೇ ಸೇಲಂ ಜಿಲ್ಲೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಸೇಲಂ ಜಿಲ್ಲೆಯ ಹೊಸೂರು ಮದರಾಸಿನಲ್ಲೇ ಉಳೀತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. 2004ರಲ್ಲಿ, ಅಂದರೆ ‘ಆಪ್ತಮಿತ್ರ’ ಬಂದ ವರ್ಷವೇ, ಅದರಿಂದ ಕೃಷ್ಣಗಿರಿ ಒಡೆಯಿತು. ಆ ಕಡೆ ಸಂತೆಗೆ ಹೋದರೆ ತಮಿಳು, ಕನ್ನಡ, ತೆಲುಗು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಸೇಲಂ ಬಗ್ಗೆ ಮಾತಾಡುವಾಗ ಮಾಡರ್ನ್ ಥಿಯೇಟರ್ಸ್ ಹೆಸರು ಹೇಳದೆ ಮುಂದೆ ಹೋದರೆ ಊರಿನವರು ಬೈತಾರೆ. ಟಿ.ಆರ್. ಸುಂದರಂ ಏರ್ಕಾಡು ರಸ್ತೆಯಲ್ಲಿ ಕಟ್ಟಿದ ಆ ಸ್ಟುಡಿಯೋದಿಂದಲೇ ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ (1938) ಬಂದದ್ದು, ಮಲಯಾಳದ ಮೊದಲ ಬಣ್ಣದ ಚಿತ್ರವೂ ಅವರದೇ. ಒಂದು ಊರಿನಲ್ಲಿ ಕೂತು ಪಕ್ಕದ ಊರಿನ ಭಾಷೆಗೆ ಬಾಯಿ ಕೊಡುವ ಕೆಲಸ ಅಲ್ಲಿ ಕಾರ್ಖಾನೆಯ ಹಾಗೆ ನಡೆದಿತ್ತು. ಈಗ ಉಳಿದಿರೋದು ಹೆಬ್ಬಾಗಿಲಿನ ಕಮಾನು.

ಇಂಥ ಊರಿನಲ್ಲಿ ಬೆಳೆದವರಿಗೆ ಗಂಗಾಳ ಕಾಯಿಲೆ ಹೇಗೆ ಕಾಣುತ್ತದೆ? ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯೋದು ನಮ್ಮ ಮನೆಯ ದಿನನಿತ್ಯದ ಸಂಗತಿ. ಶಾಲೆಯಲ್ಲಿ ಬಾಯಿತಪ್ಪಿ ಕನ್ನಡ ಬಂದರೆ ಪಕ್ಕದ ಬೆಂಚಿನ ಹುಡುಗಿಯರು ತಿರುಗಿ ನೋಡ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಗಂಡ ಗಂಗಾಳನ್ನು ನೋಡುವ ನೋಟ ಅದೇ. ನಾನು ಮೊದಲು ನೋಡಿದ್ದು ‘ಚಂದ್ರಮುಖಿ’, ಟೀವಿಯಲ್ಲಿ. ‘ಆಪ್ತಮಿತ್ರ’ ನೋಡಿದ್ದು ಎಷ್ಟೋ ವರ್ಷ ಆದಮೇಲೆ. ಹಾಗಾಗಿ ನನ್ನ ಮಟ್ಟಿಗೆ ಕನ್ನಡದ್ದೇ ರೀಮೇಕ್! ಜ್ಯೋತಿಕಾ ಕಣ್ಣರಳಿಸಿ ತೆಲುಗಿನಲ್ಲಿ ಗದರಿದಾಗ ನಾವು ಮಕ್ಕಳೆಲ್ಲ ದಿಂಬಿನಲ್ಲಿ ಮುಖ ಮುಚ್ಚಿಕೊಂಡೆವು. ಅಜ್ಜಿ ಮಾತ್ರ ಎಲೆ ಅಡಿಕೆ ಹಾಕ್ಕೊಂಡು, ‘ಇವ್ಳಿಗೆ ದೆವ್ವ ಗಿವ್ವ ಒಂದೂ ಹಿಡಿದಿಲ್ಲ, ಮಾತು ಹಿಡಿದದೆ’ ಅಂದರು. ಈ ಪ್ರಬಂಧದ ಬೀಜ ಆ ಮಾತು.

ನಮ್ಮ ಬೀದಿಯ ಚೌಡೇಶ್ವರಿ ಹಬ್ಬದಲ್ಲಿ ಅಲಗು ಹಿಡಿದು ಮೆರವಣಿಗೆ ಹೋಗುವಾಗ ಯಾರಿಗಾದರೂ ಮೈಮೇಲೆ ಬಂದರೆ ಅಮ್ಮ ಮಾತಾಡೋದು ಕನ್ನಡದಲ್ಲಿ. ಸುತ್ತ ನಿಂತ ತಮಿಳು ನೆರೆಯವರು ಕೈಮುಗಿದು ಕೇಳುತ್ತಾರೆ. ಪೂರ್ತಿ ತಿಳಿಯದ ಆ ಮಾತಿಗೆ ಹೆದರುತ್ತಾರೆ ಕೂಡ. ಅಂದರೆ ನಾವು ಮನೆಯಲ್ಲಿ ಉಪ್ಪು ಹುಣಸೆಗೆ ಬಳಸುವ ಭಾಷೆ ಪಕ್ಕದ ಮನೆಯ ಕಿವಿಗೆ ನಾಗವಲ್ಲಿಯ ಭಾಷೆ. ಸಿನಿಮಾ ನೋಡುವಾಗ ನಾನು ಗಂಡನ ಕಡೆ ಕೂರಬೇಕೋ ಗಂಗಾ ಕಡೆ ಕೂರಬೇಕೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಈಗ ವಾದಕ್ಕೆ ಬರ್ತೇನೆ. ಮೊದಲ ತಲೆಮಾರಿನ ಚಿತ್ರಗಳಲ್ಲಿ ದೆವ್ವವೇ ಇಲ್ಲ. ಗಂಗಾ ಬೀಗ ಹಾಕಿದ ಕೋಣೆ ತೆರೆಸುತ್ತಾಳೆ, ಚಿತ್ರ ನೋಡುತ್ತಾಳೆ, ಒಡವೆ ಮುಟ್ಟುತ್ತಾಳೆ, ನರ್ತಕಿಯ ಕತೆ ಕೇಳುತ್ತಾಳೆ, ಆ ಕತೆಯನ್ನು ಮನಸ್ಸಿಗೆ ಹಚ್ಚಿಕೊಂಡು ಕೊನೆಗೆ ಅವಳೇ ಆಗಿಬಿಡುತ್ತಾಳೆ. ಗಂಗಾ ಒಬ್ಬ ಓದುಗಳು. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಅಪರಿಚಿತ ರೋಗವೇನಲ್ಲ, ಸ್ವಲ್ಪ ಮಟ್ಟಿಗೆ ನಾವೆಲ್ಲ ಇದೇ ಕೆಲಸಕ್ಕೆ ಸ್ಕಾಲರ್‌ಶಿಪ್ ತಗೋತೀವಿ. ನಾಗವಲ್ಲಿಗೆ ತನ್ನದೇ ದೇಹ ಇಲ್ಲ, ಗಂಗಾಳ ಓದು ಅವಳ ದೇಹ. ಚಿಕಿತ್ಸೆಯೂ ಅದಕ್ಕೆ ತಕ್ಕ ಹಾಗಿದೆ. ಮನೋವೈದ್ಯ ಮತ್ತು ಮಂತ್ರವಾದಿ ಜಗಳವಾಡದೆ ಒಟ್ಟಿಗೆ ಒಂದು ನಾಟಕ ಹೂಡುತ್ತಾರೆ, ರಾಜನ ಜಾಗದಲ್ಲಿ ಬೊಂಬೆ ಇಟ್ಟು ಅವಳ ಸೇಡು ತೀರಿಸುತ್ತಾರೆ. ಕತೆಯಿಂದ ಬಂದದ್ದನ್ನು ಕತೆಯಿಂದಲೇ ಇಳಿಸುತ್ತಾರೆ.

ಇಂಥ ಚಿತ್ರಕ್ಕೆ ಉತ್ತರಭಾಗ ಬರೆಯೋದು ಹೇಗೆ? ಗಂಗಾ ಗುಣವಾದಳು. ದೆವ್ವ ಮೊದಲೇ ಇರಲಿಲ್ಲ. ಎರಡನೇ ಭಾಗ ಬೇಕಾದರೆ ಮೊದಲ ಭಾಗದ ಉತ್ತರವನ್ನು ಸುಳ್ಳು ಮಾಡಬೇಕು: ಕಾಯಿಲೆ ಅಂದಿದ್ದೆವಲ್ಲ, ಅಷ್ಟೇ ಅಲ್ಲ, ನಿಜವಾಗಲೂ ಏನೋ ಉಳಿದಿತ್ತು ಅನ್ನಬೇಕು. ‘ಆಪ್ತರಕ್ಷಕ’ ಮಾಡಿದ್ದು ಇದನ್ನೇ. ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಹೋಗುತ್ತದೆ, ಹೋದ ಕಡೆ ಕೇಡು. ನೂರು ವರ್ಷ ದಾಟಿದ ರಾಜ ಇನ್ನೂ ಬದುಕಿದ್ದಾನೆ. ದೊಡ್ಡ ಹಾವೂ ಇದೆ. ಯಾರೂ ಏನನ್ನೂ ಓದಬೇಕಾಗಿಲ್ಲ, ಪಟ ಗೋಡೆಗೆ ತೂಗುಹಾಕಿದರೆ ಸಾಕು. ‘ಭೂಲ್ ಭುಲಯ್ಯಾ 2’ ಇನ್ನೂ ನೇರ, ಅಲ್ಲಿ ನಿಜವಾದ ದೆವ್ವವೇ ಬಂತು. ‘ಚಂದ್ರಮುಖಿ 2’ರಲ್ಲಿ ಚಂದ್ರಮುಖಿಗೆ ಕಂಗನಾ ರಣಾವತ್ ರೂಪದಲ್ಲಿ ಸ್ವಂತ ಮುಖವೇ ಸಿಕ್ಕಿತು. ಮುಖ ಸಿಕ್ಕ ತಕ್ಷಣ ಭಯ ಹೋಯಿತು ಅನ್ನೋದು ನನ್ನ ಅನಿಸಿಕೆ. ಮೊದಲ ಚಿತ್ರದಲ್ಲಿ ನಾವು ಹೆದರಿದ್ದು ಪರಿಚಿತ ಮುಖದಿಂದ ಅಪರಿಚಿತ ಮಾತು ಬಂದದ್ದಕ್ಕೆ. ಅಪರಿಚಿತ ಮುಖ ಏನು ಮಾತಾಡಿದರೆ ನಮಗೇನು?

ಇದನ್ನು ಬರೀ ಕಲೆಯ ಸೋಲು ಅಂತ ಬಿಡೋಕೆ ನನಗೆ ಮನಸ್ಸಿಲ್ಲ. 2001ರ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದಲ್ಲಿ ಗುಣವಾಗುತ್ತದೆ ಎಂದು ಮನೆಯವರು ಕರೆತಂದು ಬಿಟ್ಟಿದ್ದ ಮನೋರೋಗಿಗಳ ಕೊಟ್ಟಿಗೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಅದಾದ ಮೂರು ನಾಲ್ಕು ವರ್ಷಕ್ಕೆ ಅದೇ ರಾಜ್ಯದಲ್ಲಿ ರಜನಿಕಾಂತ್‌ರಂಥ ನಟ ತೆರೆಯ ಮೇಲೆ ನಿಂತು, ಈ ಹೆಣ್ಣಿಗೆ ಆಗಿರೋದು ಕಾಯಿಲೆ, ಇದಕ್ಕೆ ವೈದ್ಯ ಇದೆ ಎಂದು ಹೇಳಿದರು. ಚಿತ್ರದ ಮನೋವಿಜ್ಞಾನ ಪಕ್ಕಾ ಅಂತ ಯಾವ ವೈದ್ಯರೂ ಒಪ್ಪಲಾರರು. ಆದರೂ ಆಸ್ಪತ್ರೆಗೋ ಗುಡಿಗೋ ಎಂದು ಮನೆಯವರು ಬಾಗಿಲಲ್ಲಿ ನಿಂತು ತರ್ಕಿಸುವ ಊರುಗಳಲ್ಲಿ ಆ ಮಾತಿಗೆ ತೂಕ ಇತ್ತು. ನಮ್ಮ ಬೀದಿಯಲ್ಲೇ ಒಬ್ಬ ಸೊಸೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದಾಗ ಯಾರೋ ‘ಚಂದ್ರಮುಖಿ ತರಹ’ ಅಂದದ್ದನ್ನು ನಾನು ಕೇಳಿದ್ದೇನೆ. ಉತ್ತರಭಾಗಗಳು ಬಂದು, ಇಲ್ಲ, ಅದು ದೆವ್ವವೇ ಎಂದಾಗ ಹಿಂದಕ್ಕೆ ಹೋದದ್ದು ಚಿತ್ರಕತೆ ಮಾತ್ರ ಅಲ್ಲ.

ಇಷ್ಟು ಹೇಳಿದ ಮೇಲೂ ‘ಆಪ್ತರಕ್ಷಕ’ ಗೆದ್ದಿತು ಎಂಬ ಸಂಗತಿ ಉಳಿಯುತ್ತದೆ. ಅದನ್ನು ನೋಡಿ ಅತ್ತವರನ್ನು ನಾನು ಕಂಡಿದ್ದೇನೆ. ಇದಕ್ಕೆ ಕಾರಣ ಚಿತ್ರದ ಹೊರಗಿದೆ. ‘ಆಪ್ತಮಿತ್ರ’ದ ಗಂಗಾ ಸೌಂದರ್ಯ. ಅವರು 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ಚಿತ್ರ ಬಂದದ್ದು ನಾಲ್ಕು ತಿಂಗಳ ಮೇಲೆ. ಅಂದರೆ ಸತ್ತ ನರ್ತಕಿ ಬದುಕಿರುವ ಹೆಣ್ಣಿನ ಮೈಮೇಲೆ ಬರುವ ಕತೆಯನ್ನು ಕನ್ನಡದ ಪ್ರೇಕ್ಷಕರು ನೋಡಿದಾಗ ಆ ಹೆಣ್ಣೂ ಬದುಕಿರಲಿಲ್ಲ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡರು. ಅವರ 200ನೆಯ ಚಿತ್ರವೆಂದು ಪ್ರಚಾರವಾಗಿದ್ದ ‘ಆಪ್ತರಕ್ಷಕ’ ತೆರೆಗೆ ಬಂದದ್ದು ಏಳು ವಾರ ಕಳೆದ ಮೇಲೆ. ಅದರಲ್ಲಿ ಅವರದು ಎರಡು ಪಾತ್ರ, ಕಾಪಾಡುವ ವೈದ್ಯ ಒಂದು, ಸಾಯಲೊಲ್ಲದ ರಾಜ ಇನ್ನೊಂದು. ಸಾಯದವನ ಪಾತ್ರವನ್ನು ಸತ್ತವರು ಮಾಡಿದ್ದನ್ನು ಜನ ನೋಡಿದರು. ನಾಗವಲ್ಲಿಯ ಶಾಪ ಅಂತ ಆಗ ಎದ್ದ ಮಾತುಗಳನ್ನು ನಾನು ಬದಿಗಿಡುತ್ತೇನೆ, ಅವು ಇಬ್ಬರು ಕಲಾವಿದರ ಸಾವಿಗೆ ಮರ್ಯಾದೆ ತರುವಂಥವಲ್ಲ. ಆದರೆ ಥಿಯೇಟರಿನ ಕತ್ತಲೆಯಲ್ಲಿ ಅವತ್ತು ಇದ್ದದ್ದು ಮೊದಲ ಚಿತ್ರದ ಭಯಕ್ಕೆ ಸಮನಾದ ಏನೋ ಒಂದು, ಅದನ್ನು ನಿರ್ದೇಶಕರು ಕಟ್ಟಿದ್ದಲ್ಲ. ಈಗ ಆ ಚಿತ್ರವನ್ನು ಮೊಬೈಲಿನಲ್ಲಿ ಮೊದಲ ಸಲ ನೋಡುವ ನನ್ನ ತಮ್ಮನಿಗೆ ಅದು ಸಿಗೋದಿಲ್ಲ. ಅವನಿಗೆ ಹಾವು ಕಾಣಿಸುತ್ತದೆ. ‘ಆಪ್ತಮಿತ್ರ’ ನೋಡಿದಾಗ ಅವನೂ ದಿಂಬು ಹುಡುಕಿದ.

ಹಾಗಾದರೆ ಎರಡನೆಯದು ಗೆದ್ದ ಉದಾಹರಣೆ ಇಲ್ಲವೇ? ಇದೆ. ರಾಘವ ಲಾರೆನ್ಸ್ ಅವರ ‘ಮುನಿ’ (2007) ಎಷ್ಟು ಜನಕ್ಕೆ ನೆನಪಿದೆ? ಅದರ ಎರಡನೇ ಭಾಗ ‘ಕಾಂಚನಾ’ (2011) ಎಲ್ಲರಿಗೂ ಗೊತ್ತು. ಕನ್ನಡಕ್ಕೆ ‘ಕಾಂಚನಾ’ ಮಾತ್ರ ಬಂತು, ಉಪೇಂದ್ರ ಅಭಿನಯದ ‘ಕಲ್ಪನಾ’ವಾಗಿ, 2012ರಲ್ಲಿ. ಗಡಿಯ ಈಚೆ ಅದು ಮೊದಲನೆಯದಾಗಿಬಿಟ್ಟಿತು, 2016ರಲ್ಲಿ ‘ಕಲ್ಪನಾ 2’ ಬಂದಾಗ ತಮಿಳಿನ ಮೂರನೆಯದು ಕನ್ನಡದ ಎರಡನೆಯದು! ನಾಗವರ್ಮನ ಹೊಲಿಗೆ ನೆನಪಿದೆಯಲ್ಲ. ಹೊಸೂರಿನಲ್ಲಿ ಎರಡೂ ಭಾಷೆಯ ಪೋಸ್ಟರ್ ನೋಡುವವರಿಗೆ ಲೆಕ್ಕ ಇಡೋದೇ ಕಷ್ಟ. ‘ಕಾಂಚನಾ’ ಗೆಲ್ಲೋಕೆ ಕಾರಣ ಸರಳ: ಮೊದಲ ಚಿತ್ರದ ಚೌಕಟ್ಟು ಇಟ್ಟುಕೊಂಡು ಒಳಗೆ ಪೂರ್ತಿ ಹೊಸ ನೋವನ್ನು ತಂದರು, ಮನೆಯಿಂದ ಹೊರಹಾಕಲ್ಪಟ್ಟ ತೃತೀಯಲಿಂಗಿಯೊಬ್ಬರ ನೋವು. ಹಾಲಿವುಡ್ಡಿನ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ (1935) 1931ರ ಮೂಲಕ್ಕಿಂತ ಮೇಲು ಎನ್ನುವವರು ಬಹಳ. ಅಲ್ಲಿ ವಧುವಿನ ಮಾತು ಮೇರಿ ಶೆಲ್ಲಿಯ ಕಾದಂಬರಿಯಲ್ಲೇ ಇತ್ತು, ಮೊದಲ ಚಿತ್ರ ಅದನ್ನು ಕೈಬಿಟ್ಟಿತ್ತು.

ನಮ್ಮ ಬೇತಾಳನನ್ನೂ ನೋಡಿ. 25 ಕತೆಗಳ ಆ ಚೌಕಟ್ಟನ್ನು ‘ಚಂದಮಾಮ’ ದಶಕಗಟ್ಟಲೆ, ತಿಂಗಳಿಗೊಂದು ಹೊಸ ಕತೆ ಸೇರಿಸಿ ಎಳೆಯಿತು. ಯಾರಿಗೂ ಬೇಜಾರಾಗಲಿಲ್ಲ. ಶವ ಮರಕ್ಕೆ ಮರಳುವುದು ಆ ಕತೆಯ ಒಳಗಿನ ನಿಯಮ, ರಾಜ ಬಾಯಿಬಿಟ್ಟರೆ ಅದು ಹೋಗಲೇಬೇಕು. ಧರ್ಮಪುರಿ ಕಡೆಯ ದ್ರೌಪದಿ ಅಮ್ಮನ ಹಬ್ಬದಲ್ಲೂ ಇದೇ: ಹಗಲು ಭಾರತದ ಕತೆ, ರಾತ್ರಿ ಕೂತ್ತು, ಕೊನೆಯ ದಿನ ನೆಲದಲ್ಲಿ ಮಣ್ಣಿನ ದುರ್ಯೋಧನ. ಮುಂದಿನ ಹಬ್ಬಕ್ಕೆ ಅವನು ಮತ್ತೆ ಸಾಯುತ್ತಾನೆ. ಅಲ್ಲಿಗೆ ಎರಡನೇ ಭಾಗ ಬೇಕಾಗಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಜನ ‘ನಾಳೆ ಬಾ’ ಎಂದು ಬರೆದದ್ದೂ ಇದೇ ಜಾತಿಯದು. (ಆ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತು ಅನ್ನೋದು ನಮ್ಮ ವಿಭಾಗಕ್ಕೆ ಸಮಾಧಾನದ ವಿಷಯ.) ಅಂಥದೇ ಬರಹದ ಮೇಲೆ ಕಟ್ಟಿದ ‘ಸ್ತ್ರೀ’ಗೆ 2024ರಲ್ಲಿ ಎರಡನೇ ಭಾಗ ಬಂದು ಮೊದಲನೆಯದಕ್ಕಿಂತ ಹೆಚ್ಚು ಗಳಿಸಿದ್ದು ನನಗೆ ಆಶ್ಚರ್ಯ ತರಲಿಲ್ಲ. ‘ನಾಳೆ’ ಎಂಬುದು ಆ ಕತೆಯ ಒಳಗೇ ಇತ್ತು. ನಾಗವಲ್ಲಿಯ ಕತೆಯಲ್ಲಿ ಅದು ಇರಲಿಲ್ಲ, ಗಂಗಾ ಗುಣವಾಗುವುದೇ ಅದರ ಕೊನೆ.

ಚರ್ಚೆಯಲ್ಲಿ ಅಧ್ಯಾಪಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ: ‘ಹಾಗಾದರೆ ‘ಆಪ್ತಮಿತ್ರ’ಕ್ಕೆ ನೀನು ಬರೆಯುವ ಉತ್ತರಭಾಗ ಯಾವುದಮ್ಮ?’

ಸರ್, ನಾನಾದರೆ ಚಿತ್ರಪಟವನ್ನು ಅಲ್ಲೇ ಬಿಟ್ಟು ಗಂಗಾ ಜೊತೆ ಅವರ ಊರಿಗೆ ಹೋಗ್ತೇನೆ. ಅವಳು ಗುಣವಾಗಿದ್ದಾಳೆ, ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ಆದರೆ ಆ ತೆಲುಗು ಎಲ್ಲಿ ಹೋಯಿತು? ಕಲಿತ ಭಾಷೆಯನ್ನು ಮಂತ್ರವಾದಿ ಇಳಿಸೋಕೆ ಆಗುತ್ತಾ? ಒಂದು ದಿನ ಸಂತೆಯಲ್ಲಿ ಬದನೆಕಾಯಿ ಮಾರುವವಳು ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ. ಗಂಗಾಗೆ ಅರ್ಥವಾಗುತ್ತದೆ. ಉತ್ತರ ನಾಲಿಗೆಯ ತುದಿಗೆ ಬಂದಿದೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಗಂಡ ಅವಳ ಬಾಯನ್ನೇ ನೋಡುತ್ತಿದ್ದಾನೆ.